ಲೆಜಿಸ್ಲೇಟ್ ಅನ್ನೋ ಪದ ಸರಿಯಾಗಿ ಬಳಸೋದು ಹೇಗೆ?

ಇಂಗ್ಲಿಷ್ ಪೇಪರ್ ಓದೋರಿಗೆ ಲೆಜಿಸ್ಲೇಟ್ ಅನ್ನೋ ಕ್ರಿಯಾಪದ ಆಗಾಗ ಸಿಕ್ಕೇ ಸಿಗತ್ತೆ. ಅರ್ಥ ಸುಲಭ, ಕಾನೂನು ಮಾಡೋದು ಅಷ್ಟೇ, ಆದ್ರೆ ನಾವೇ ಒಂದು ವಾಕ್ಯ ಬರೆಯೋಕೆ ಕೂತಾಗ ತಡವರಿಸ್ತೀವಿ.

ಮೊದಲು, ಈ ಕೆಲಸ ಯಾರದು ಅಂತ ನೋಡ್ಕೊಳ್ಳಿ. ಲೆಜಿಸ್ಲೇಟ್ ಮಾಡೋದು ಪಾರ್ಲಿಮೆಂಟ್ ಥರದ ಶಾಸನಸಭೆ, ಪೊಲೀಸರಲ್ಲ, ಅವರದು ಎನ್‌ಫೋರ್ಸ್ ಮಾಡೋ, ಅಂದ್ರೆ ಜಾರಿ ಮಾಡೋ ಕೆಲಸ. ಜಡ್ಜ್ ತೀರ್ಪಿನ ನೆಪದಲ್ಲಿ ಹೊಸ ಕಾನೂನೇ ಮಾಡಿಬಿಟ್ರು ಅಂತ ಆಕ್ಷೇಪ ಇರೋರು ಅದಕ್ಕೇ 'ಲೆಜಿಸ್ಲೇಟಿಂಗ್ ಫ್ರಮ್ ದಿ ಬೆಂಚ್' ಅಂತಾರೆ.

ಆಮೇಲೆ ಪ್ರಿಪೊಸಿಷನ್, ಜಾಸ್ತಿ ಜನ ಎಡವೋದು ಇಲ್ಲೇ ಅನ್ಸತ್ತೆ ನನಗೆ. 'ಲೆಜಿಸ್ಲೇಟ್ ಎ ಲಾ' ಅಂತ ಬರೀಬೇಡಿ, ಚೆನ್ನಾಗಿ ಕೇಳಲ್ಲ, ಕಾನೂನು ಅನ್ನೋ ಅರ್ಥ ಆ ಪದದೊಳಗೇ ಇದೆ. ಯಾವುದನ್ನಾದ್ರೂ ತಡೆಯೋಕೆ ಕಾನೂನು ಮಾಡಿದ್ರೆ 'ಲೆಜಿಸ್ಲೇಟ್ ಅಗೇನ್ಸ್ಟ್', ಒಂದು ವಿಷಯದ ಮೇಲೆ ಮಾಡಿದ್ರೆ 'ಲೆಜಿಸ್ಲೇಟ್ ಆನ್'. 'ಫಾರ್' ಬಂದಾಗ ಮಾತ್ರ ಹುಷಾರು, 'ಯೂ ಕಾಂಟ್ ಲೆಜಿಸ್ಲೇಟ್ ಫಾರ್ ಬ್ಯಾಡ್ ಲಕ್' ಅಂದ್ರೆ ಕಾನೂನಿನ ಮಾತೇ ಅಲ್ಲ, ದುರದೃಷ್ಟಕ್ಕೆ ಮೊದಲೇ ತಯಾರಿ ಮಾಡ್ಕೊಳ್ಳೋಕಾಗಲ್ಲ ಅಂತ. ನೇರವಾಗಿ ಕರ್ಮಪದ ಬರೋದೂ ಉಂಟು, 'ಯೂ ಕಾಂಟ್ ಲೆಜಿಸ್ಲೇಟ್ ಮೊರ್ಯಾಲಿಟಿ', ಅಂದ್ರೆ ಕಾನೂನು ತಂದು ಜನರಲ್ಲಿ ನೀತಿ ಬೆಳೆಸೋಕಾಗಲ್ಲ.

ಮೂರನೇದು, ಅಕ್ಕಪಕ್ಕದ ಪದಗಳ ಜೊತೆ ಇಟ್ಟು ಕಲೀರಿ. ಅಮೆರಿಕದ ಪಾನನಿಷೇಧ ತಗೊಳ್ಳಿ: 1919ರಲ್ಲಿ ಅಲ್ಲಿನ ಕಾಂಗ್ರೆಸ್ ಮದ್ಯದ ವಿರುದ್ಧ ಲೆಜಿಸ್ಲೇಟ್ ಮಾಡ್ತು, ವೋಲ್‌ಸ್ಟೆಡ್ ಕಾಯ್ದೆನ ಅಧ್ಯಕ್ಷ ವಿಲ್ಸನ್ ವೀಟೋ ಮಾಡಿದ್ರೂ ಬಿಡದೆ ಎನಾಕ್ಟ್ ಮಾಡ್ತು, 1920ರಿಂದ ಅಧಿಕಾರಿಗಳು ಎನ್‌ಫೋರ್ಸ್ ಮಾಡೋಕೆ ಹೆಣಗಾಡಿದ್ರು, ಕೊನೆಗೆ 1933ರಲ್ಲಿ ಸಂವಿಧಾನದ 21ನೇ ತಿದ್ದುಪಡಿ ಬಂದು ನಿಷೇಧ ರಿಪೀಲ್ ಆಯ್ತು, ಅಂದ್ರೆ ರದ್ದಾಯ್ತು. ಲೆಜಿಸ್ಲೇಟ್ ಥರ ಅಲ್ಲ, ಎನಾಕ್ಟ್‌ಗೆ ಕರ್ಮಪದ ಬೇಕೇ ಬೇಕು, 'ಎನಾಕ್ಟ್ ಎ ಲಾ' ಸರಿ. ಬಿಲ್ ಸದನದಲ್ಲಿ ಪಾಸ್ ಆದ್ರೆ ಸಾಲದು, ಅಂಕಿತ ಬೀಳೋದು ಥರದ್ದೆಲ್ಲ ಮುಗಿದು ಅದು ಕಾಯ್ದೆ ಆದಾಗಲೇ ಎನಾಕ್ಟ್ ಆಯ್ತು ಅನ್ನೋದು.

ಉಚ್ಚಾರಣೇಲಿ ಒತ್ತು ಮೊದಲ 'ಲೆ' ಮೇಲೆ.

ಕೊನೇದಾಗಿ ನಾಮಪದ. ಲೆಜಿಸ್ಲೇಚರ್ ಅಂದ್ರೆ ಸಭೆ, ಲೆಜಿಸ್ಲೇಟರ್ ಅಂದ್ರೆ ಅದರ ಸದಸ್ಯ, ಲೆಜಿಸ್ಲೇಷನ್ ಅಂದ್ರೆ ಕಾನೂನು. ಲೆಜಿಸ್ಲೇಷನ್‌ನ ಎಣಿಸೋ ಹಾಗಿಲ್ಲ, ಹಾಗಾಗಿ 'ಎ ಲೆಜಿಸ್ಲೇಷನ್' ಬದಲು 'ಎ ಪೀಸ್ ಆಫ್ ಲೆಜಿಸ್ಲೇಷನ್' ಅಂತ ಬರೀರಿ, ಅದು ಉದ್ದ ಅನ್ಸಿದ್ರೆ ಸುಮ್ಮನೆ 'ಎ ಲಾ' ಅಂದ್ರೂ ಸಾಕು.