ಟೈಮ್‌ಟೇಬಲ್ ಬಿಟ್ಟು ಹಾಳೆ ತೆರೆದೆ

ಕೆಎಎಸ್‌ಗೆ ಓದಬೇಕೆಂದು ಎರಡು ವರ್ಷ ಬರೀ ಟೈಮ್‌ಟೇಬಲ್ ಬರೆದೆ. ರಾಯಚೂರಿನ ಬಿಸಿಲು ಇಳಿಯಲಿ, ಯುಗಾದಿ ಮುಗಿಯಲಿ, ನೋಟ್ಸ್ ಪೂರ್ತಿ ಸಿಗಲಿ... ಅಡ್ಡಗಾಲು ಹಾಕುತ್ತಿದ್ದವಳು ನಾನೇ. ಅದು ಸೋಲುವ ಭಯ. ಶುರುವೇ ಮಾಡದಿದ್ದರೆ ಸೋಲೂ ಇಲ್ಲವಲ್ಲ. "ಮೊದ್ಲು ಒಂದು ಹಾಳಿ ಓದವ್ವಾ, ಉಳಿದಿದ್ದು ಆಮ್ಯಾಲೆ ನೋಡಿದ್ರಾತು" ಅಂದಳು ಅವ್ವ.

ನಮ್ಮ ಜಿಲ್ಲೆಯ ಮಸ್ಕಿಯಿಂದಲೇ ಹಿಡಿದೆ. 1915ರಲ್ಲಿ ಬೆಳಕಿಗೆ ಬಂದ ಶಾಸನ. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ರಾಜನ ಹೆಸರೂ ಅದರಲ್ಲಿದೆ. ಕಣ್ಣಾರೆ ಕಂಡ ಬಂಡೆ, ಹಾಗಾಗಿ ಹತ್ತು ನಿಮಿಷವೆಂದು ಕೂತಿದ್ದು ಒಂದು ಗಂಟೆಯಾಯಿತು.

ಈಗ ರಾತ್ರಿ ಅರ್ಧ ಪುಟಕ್ಕೇ ನಿಲ್ಲಿಸಿ ಪುಸ್ತಕ ತೆರೆದಿಡುತ್ತೇನೆ. ಬೆಳಿಗ್ಗೆ ಐದಕ್ಕೆ ಮಾಳಿಗೆಯ ಮೇಲೆ ಅಲ್ಲಿಂದಲೇ ಓದು; ಫೋನ್ ಕೆಳಗೆ ಅವ್ವನ ಹತ್ತಿರ. ಒಂದು ದಿನ ತಪ್ಪಿದರೆ ಹೊಸ ಟೈಮ್‌ಟೇಬಲ್ ಬರೆಯುವುದಿಲ್ಲ, ಮರುದಿನ ಅದೇ ಪುಟ. ನಾಲ್ಕು ತಿಂಗಳಲ್ಲಿ ಇತಿಹಾಸ ಮುಗಿಯಿತು. ಸಂವಿಧಾನದಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ 371(ಜೆ) ವಿಧಿಯವರೆಗೆ ಬಂದಿದ್ದೇನೆ.