ಅರೆಯುವುದು ಬಿಟ್ಟ ಮೇಲೆ ಮ್ಯೂಕರ್ ಬೆಳೆಯಿತು

ಸ್ಲೈಡಿನಲ್ಲಿ ಮ್ಯೂಕರ್ (ಬ್ಲ್ಯಾಕ್ ಫಂಗಸ್) ಕಾಣುತ್ತದೆ, ಪ್ಲೇಟಿನಲ್ಲಿ ಬೆಳೆಯುವುದಿಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ಲ್ಯಾಬಿನಲ್ಲಿ ದಿನಾ ಇದೇ ಗೋಳು. ಇಎನ್‌ಟಿಯವರು ಕಳಿಸಿದ ಸೈನಸ್ ಟಿಶ್ಯೂವಿನ ಕೆಒಎಚ್ (ಟಿಶ್ಯೂ ಕರಗಿಸುವ ಕ್ಷಾರ) ಸ್ಲೈಡ್‌ನಲ್ಲಿ ಅಗಲವಾದ ಹೈಫೆ, ಅಂದರೆ ಶಿಲೀಂಧ್ರದ ಎಳೆ, ಎದ್ದು ಕಾಣುತ್ತಿತ್ತು. ಪ್ಲೇಟಿನಲ್ಲಿ ಬೆಳೆಸುವ ಕಲ್ಚರ್ ಮಾತ್ರ ಅರ್ಧಕ್ಕರ್ಧ ಖಾಲಿ.

ಬ್ಯಾಕ್ಟೀರಿಯಾಗೆ ಮಾಡುವ ಹಾಗೆ ಟಿಶ್ಯೂ ಅರೆಯುವುದು ಇಲ್ಲಿನ ಹಳೇ ರೂಢಿ. ಈ ಹೈಫೆಯಲ್ಲಿ ಅಡ್ಡಗೋಡೆಗಳು ಇಲ್ಲವೆನ್ನುವಷ್ಟು ಕಮ್ಮಿ, ಅರೆದರೆ ಒಳಗಿನದೆಲ್ಲ ಸೋರಿ ಸಾಯುತ್ತದೆ. "ಅರೆಯೋದು ಬೇಡ, ಹೆಚ್ಚೋಣ" ಎಂದೆ. "ಏನ್ ಮೇಡಂ, ಪಲ್ಯಕ್ಕಾ?" ಎಂದು ಹಿರಿಯ ಟೆಕ್ನೀಷಿಯನ್ ನಕ್ಕರು. ಪೆಥಾಲಜಿಯವರಂತೂ "ಬಯಾಪ್ಸಿ ರಿಪೋರ್ಟ್ ಬರುತ್ತಲ್ಲ, ಸುಮ್ನೆ ಯಾಕೆ?" ಎಂದರು.

ಬ್ಲೇಡಿನಲ್ಲಿ 2-3 ಮಿ.ಮೀ. ಚೂರು ಮಾಡಿ, ಶಿಲೀಂಧ್ರ ಬೆಳೆಸುವ ಜೆಲ್ಲಿಯಾದ ಸಬುರೋ ಅಗರ್‌ಗೆ ಅರ್ಧ ಹುದುಗಿಸಿ, 25 ಮತ್ತು 37 ಡಿಗ್ರಿಯಲ್ಲಿ ಇಟ್ಟೆ. ಮರುದಿನವೇ ಚೂರಿನ ಅಂಚಿಗೆ ಬಿಳಿ ಎಳೆ. ಇನ್ನೊಂದು ದಿನಕ್ಕೆ ಮುಚ್ಚಳ ಮುಟ್ಟಿತು. ಹತ್ತರಲ್ಲಿ ಐದು ಬೆಳೆಯುತ್ತಿದ್ದದ್ದು ಏಳೆಂಟಕ್ಕೆ ಏರಿತು, ಜಾಸ್ತಿ ಈ ಗುಂಪಿನ ರೈಜೋಪಸ್ಸೇ. ಟಿಶ್ಯೂವಿನ ಯಾವ ಜಾಗದಿಂದ ಚೂರು ಆರಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ, ಲ್ಯಾಬಿಗೆ ಬಂದರೆ ತೋರಿಸುತ್ತೇನೆ. ಫಾರ್ಮಲಿನ್‌ನಲ್ಲಿ ಬಂದದ್ದಕ್ಕೆ ಯಾವ ವಿದ್ಯೆಯೂ ನಡೆಯಲ್ಲ, ಅದರಲ್ಲಿ ಶಿಲೀಂಧ್ರ ಸತ್ತಿರುತ್ತದೆ. ಕೊನೆಗೆ ಟಿಶ್ಯೂ ಹಾಕಿ ಕಳಿಸಲು ಸಲೈನ್ ಬಾಟಲಿಗಳನ್ನು ನಾವೇ ಆಪರೇಷನ್ ಥಿಯೇಟರಿಗೆ ಮುಟ್ಟಿಸಿದೆವು.

ಇನ್ನು ದುಡ್ಡಿನ ಮಾತು. ರಕ್ತದಲ್ಲಿ ಶಿಲೀಂಧ್ರ ಪತ್ತೆಮಾಡುವ ಗ್ಯಾಲಕ್ಟೋಮ್ಯಾನನ್ ಕಿಟ್ ತರಿಸಿ ಎಂದು ಮೇಲಿನಿಂದ ಒತ್ತಾಯ. ಮ್ಯೂಕರ್‌ಗೆ ಅದು ನೆಗೆಟಿವ್, ಬೀಟಾ ಗ್ಲುಕಾನ್ ಟೆಸ್ಟೂ ಅಷ್ಟೇ. ಆ ಹಣದಲ್ಲಿ ಶಿಲೀಂಧ್ರದ ಎಳೆಯನ್ನು ಹೊಳೆಯಿಸುವ ಬಣ್ಣ ಕ್ಯಾಲ್ಕೋಫ್ಲೋರ್ ಕೇಳಿದೆ. ಬಾಟಲಿಗೆ ಮೂರು-ನಾಲ್ಕು ಸಾವಿರ ಇದ್ದಿರಬೇಕು. ಟಿಬಿ ಮೈಕ್ರೋಸ್ಕೋಪಿನ ನೀಲಿ ಬೆಳಕಿನಲ್ಲಿ ಮಂಕಾಗಿ ಕಂಡಿತು. ಅಲ್ಟ್ರಾವಯಲೆಟ್ ಎಲ್‌ಇಡಿ ಮತ್ತು ಫಿಲ್ಟರ್‌ಗೆ ಇನ್ನೂ ಸುಮಾರು 40 ಸಾವಿರ ಹೋಯಿತು. ಈಗ ಗಂಟೆಯೊಳಗೆ ಫೋನಿನಲ್ಲಿ ರಿಪೋರ್ಟ್ ಹೇಳುತ್ತೇನೆ. ಬ್ಯಾಂಡೇಜಿನ ಗಾಜ್‌ನಲ್ಲಿ ಸುತ್ತಿ ಕಳಿಸಿದರೆ ಹುಷಾರು, ಹತ್ತಿ ಎಳೆಯೂ ಹೊಳೆಯುತ್ತದೆ. ಅದು ತಿರುಚಿಕೊಂಡಿರುತ್ತದೆ, ಕವಲು ಇರಲ್ಲ.

ನಡುವೆ ಬ್ರೆಡ್ ಪ್ರಯೋಗವೂ ಆಯಿತು. ಆಟೋಕ್ಲೇವ್ ಮಾಡಿದ ಬ್ರೆಡ್ ತುಂಡನ್ನು ಅಗರ್ ಮೇಲಿಟ್ಟು ಅದರ ಮೇಲೆ ಟಿಶ್ಯೂ ಇಡುವುದು. ಅಂಗಡಿ ಬ್ರೆಡ್ಡಿನಲ್ಲಿ ಪ್ರಿಸರ್ವೇಟಿವ್ ಇರುತ್ತದಲ್ವಾ, ಮನೆಯಲ್ಲೇ ಬೇಕ್ ಮಾಡಿದೆ. ಚೆನ್ನಾಗಿ ಬೆಳೆಯಿತು, ಆದರೆ ವಾರವಾರ ಬ್ರೆಡ್ ಮಾಡುವವರು ಯಾರು?

ಮ್ಯೂಕರ್ ಗುಂಪಿನದೇ ಆದ ಅಪೊಫಿಸೊಮೈಸಿಸ್ ಜಾಸ್ತಿ ಸತಾಯಿಸಿತು. ಅಪಘಾತದಲ್ಲಿ ಮಣ್ಣು ಹೊಕ್ಕ ಗಾಯದ ಸ್ಯಾಂಪಲ್. ಬೆಳೆಯಿತು, ಗುರುತಿಸಲು ಬೇಕಾದ ಸ್ಪೋರ್ ಮಾತ್ರ ಕೊಡಲಿಲ್ಲ. ಕೊನೆಗೆ ಅಗರ್ ತುಂಡನ್ನು ಸ್ಟೆರೈಲ್ ನೀರಿನಲ್ಲಿ ತೇಲಿಬಿಟ್ಟು, ಈಸ್ಟ್ ಎಕ್ಸ್‌ಟ್ರಾಕ್ಟ್ ಹನಿ ಹಾಕಿ, 37 ಡಿಗ್ರಿಯಲ್ಲಿ ವಾರದ ಮೇಲೆ ಇಟ್ಟೆ. ಸ್ಪೋರ್ ಚೀಲದ ಕೆಳಗಿನ ಆಲಿಕೆಯಾಕಾರದ ಉಬ್ಬು, ಅಪೊಫಿಸಿಸ್, ಸಿಕ್ಕಿತು. ಆ ಸ್ಲೈಡನ್ನು ಪಿಜಿ ವಿದ್ಯಾರ್ಥಿಗಳ ಪ್ರಾಕ್ಟಿಕಲ್‌ಗೆ ಇಡುತ್ತೇನೆ. ಇನ್ನೂ ಯಾರೂ ಸರಿಯಾಗಿ ಹೇಳಿಲ್ಲ.