ಹಿತ್ತಿಲ ಗೋಡೆಗೆ ಚಿತ್ರ ಬರೆದ ನನ್ನ ಅನುಭವ

ಬೆಂಗಳೂರಿನ ಗೋಡೆಗಳ ಮೇಲೆ ಚಿತ್ರ ಬರೆಯುವುದು ನನ್ನ ವೃತ್ತಿ. ಬಣ್ಣ ಕಲಸುವುದಕ್ಕೂ ಮೊದಲು ಈ ಕೆಲಸದಲ್ಲಿ ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ: ಗೋಡೆಯ ಯಜಮಾನರು ಒಪ್ಪಿದರೆ ಸಾಕೇ, ಅಥವಾ ಅದನ್ನು ದಿನವೂ ನೋಡಬೇಕಾದವರನ್ನೂ ಕೇಳಬೇಕೇ? ಕೇಳಲೇಬೇಕು ಎಂಬುದು ನನ್ನ ದೃಢವಾದ ನಿಲುವು. ಮಲ್ಲೇಶ್ವರದ ಒಂದು ಕನ್ಸರ್ವೆನ್ಸಿ ಓಣಿಯಲ್ಲಿ, ಎಂದರೆ ಮನೆಗಳ ಹಿತ್ತಿಲುಗಳ ನಡುವಿನ ಕಿರುದಾರಿಯಲ್ಲಿ, ಮಾಡಿದ ಕೆಲಸದಲ್ಲಿ ಆ ನಿಲುವನ್ನು ಹೇಗೆ ನಡೆಸಿಕೊಂಡೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

1898ರ ಪ್ಲೇಗಿನ ನಂತರ ಹಳೆಯ ಊರಿನ ಇಕ್ಕಟ್ಟಿನಿಂದ ಜನರನ್ನು ಹೊರಗೆ ನೆಲೆಗೊಳಿಸಲು ಬೆಳೆಸಿದ ಬಡಾವಣೆಗಳಲ್ಲಿ ಮಲ್ಲೇಶ್ವರವೂ ಒಂದು. ಅಲ್ಲಿ ಮನೆಗಳ ಎರಡು ಸಾಲುಗಳ ಬೆನ್ನ ನಡುವೆ ಬಿಟ್ಟಿರುವ ಕಿರಿದಾದ ಓಣಿಗಳು, ಹಿತ್ತಿಲ ಪಾಯಿಖಾನೆಗಳಿಂದ ಮಲವನ್ನು ಹೊತ್ತು ಸಾಗಿಸುತ್ತಿದ್ದವರಿಗೆಂದು ಇದ್ದ ದಾರಿಗಳು. ಒಳಚರಂಡಿ ಬಂದ ಮೇಲೆ ಆ ಬಳಕೆ ನಿಂತು, ಎಷ್ಟೋ ಓಣಿಗಳು ಕಸ ಮತ್ತು ಒಡೆದ ಕಟ್ಟಡದ ಮಣ್ಣು ಸುರಿಯುವ ಜಾಗಗಳಾದವು. ಓಣಿಯ ನೆಲ ಪಾಲಿಕೆಯದು, ಎರಡೂ ಪಕ್ಕದ ಗೋಡೆಗಳು ಖಾಸಗಿಯವರವು, ಗೋಡೆಯಾಚೆ ಬಟ್ಟೆ ಒಣಗಿಸುವ ತಂತಿ ಮತ್ತು ಅಡುಗೆಮನೆಯ ಕಿಟಕಿ. ಮನೆಯ ಮುಂಭಾಗವನ್ನು ನಾಲ್ಕು ಜನ ನೋಡಲೆಂದೇ ಕಟ್ಟಿರುತ್ತಾರೆ, ಹಿತ್ತಿಲು ಹಾಗಲ್ಲ. ಆದ್ದರಿಂದ ಮುಖ್ಯರಸ್ತೆಯ ಗೋಡೆಗಿಂತ ಈ ಗೋಡೆಗೆ ಹೆಚ್ಚಿನ ಎಚ್ಚರ ಬೇಕು.

ಮೊದಲು ಯಜಮಾನರಿಂದ ಒಪ್ಪಿಗೆ ಪತ್ರ, ಅದರೊಂದಿಗೆ ಪಾಲಿಕೆಯ ವಾರ್ಡ್ ಕಚೇರಿಗೆ ಅರ್ಜಿ. ಸ್ವಂತ ಗೋಡೆಗೆ ಪಾಲಿಕೆಯ ಅನುಮತಿ ಏಕೆ ಎಂದು ಬಹಳ ಮಂದಿ ಕೇಳುತ್ತಾರೆ. ತೆರೆದ ಸ್ಥಳಗಳ ವಿರೂಪವನ್ನು ತಡೆಯಲು ಕರ್ನಾಟಕದಲ್ಲಿ 1981ರಲ್ಲಿ ಮಾಡಿದ ಕಾಯ್ದೆಯು, ಸಾರ್ವಜನಿಕ ಸ್ಥಳದಲ್ಲಿ ನಿಂತವರ ಅಥವಾ ಹಾದುಹೋಗುವವರ ಕಣ್ಣಿಗೆ ಬೀಳುವ ಖಾಸಗಿ ಗೋಡೆಯನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಭಿತ್ತಿಪತ್ರ ಮತ್ತು ಜಾಹೀರಾತುಗಳ ಹಾವಳಿಯನ್ನು ತಡೆಯಲು ಬಂದ ಕಾಯ್ದೆ ಅದು. ಆದರೆ ಯಾರ ಸೊತ್ತು ಎಂಬುದಕ್ಕಿಂತ ಯಾರ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಅದು ಮುಖ್ಯವಾಗಿ ಪರಿಗಣಿಸಿರುವುದು ನನಗೆ ಸರಿಯೆನಿಸುತ್ತದೆ.

ಕಾಗದಪತ್ರ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕರಡು ಚಿತ್ರವನ್ನು ಅದೇ ಗೋಡೆಗೆ ತೂಗುಹಾಕಿ, ಓಣಿಗೆ ಬೆನ್ನು ಮಾಡಿದ ಮನೆಗಳವರನ್ನೆಲ್ಲ ಕರೆದೆ. ಎಂಟನೇ ಅಡ್ಡರಸ್ತೆಯ ಹೂವಿನ ವ್ಯಾಪಾರವನ್ನು ನೆನಪಿಸುವ, ಹೂ ಮಾರುವ ಹೆಂಗಸಿನ ದೊಡ್ಡ ಮುಖ ಅದರಲ್ಲಿತ್ತು. ಎದುರು ಮನೆಯ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, "ಅಲ್ಲಪ್ಪಾ, ಬೆಳಗ್ಗೆ ನಾನು ಕಾಫಿ ಸೋಸೋಕೆ ನಿಂತ್ರೆ ಕಿಟಕಿಗೆ ನೇರ ಈ ಕಣ್ಣುಗಳೇ ಬರುತ್ತವೆ. ಯಾರೋ ನಮ್ಮನೆ ಒಳಗೆ ಇಣುಕಿದ ಹಾಗೆ ಆಗಲ್ವಾ?" ಎಂದರು. ಅವರ ಅನುಮತಿ ಪಡೆದು ಅಡುಗೆಮನೆಗೆ ಹೋಗಿ, ಒಲೆಯ ಪಕ್ಕದಲ್ಲಿ ನಿಂತು ನೋಡಿದೆ. ನೇರವಾಗಿ ನೋಡುವಂತೆ ಬರೆದ ಕಣ್ಣು, ನೋಡುವವರು ಎಲ್ಲಿ ನಿಂತರೂ ಅವರನ್ನೇ ದಿಟ್ಟಿಸುತ್ತದೆ. ಆ ನೋಟದಿಂದ ತಪ್ಪಿಸಿಕೊಳ್ಳಲು ಆ ಅಡುಗೆಮನೆಯಲ್ಲಿ ಎಡೆಯಿರಲಿಲ್ಲ. ಕರಡನ್ನು ಬದಲಿಸಿ, ಹೆಂಗಸು ಕಣ್ಣು ಕೆಳಗಿಟ್ಟು ಮೊಗ್ಗು ಕಟ್ಟುತ್ತಿರುವಂತೆ ಬರೆದೆ. ನೋಟವು ನಾರಿನ ಗಂಟಿನ ಮೇಲೆ ಇಳಿದ ಕೂಡಲೇ ಚಿತ್ರಕ್ಕೆ ಕೆಲಸದ ಏಕಾಗ್ರತೆ ಬಂತು. ಮೊದಲಿನದಕ್ಕಿಂತ ಇದೇ ಉತ್ತಮ ಚಿತ್ರವೆಂದು ನಾನು ಇಂದಿಗೂ ನಂಬಿದ್ದೇನೆ.

ಇನ್ನೊಂದು ಬೇಡಿಕೆಗೆ ಮಾತ್ರ ನಾನು ಒಪ್ಪಲಿಲ್ಲ. ಗೋಡೆಯ ಬುಡದಲ್ಲಿ ಮೂತ್ರ ಮಾಡುವುದನ್ನು ತಡೆಯಲು ಎಲ್ಲ ಧರ್ಮಗಳ ದೇವರ ಚಿತ್ರವುಳ್ಳ ಟೈಲ್ಸ್ ಅಂಟಿಸುವ ರೂಢಿ ನಮ್ಮ ನಗರಗಳಲ್ಲಿದೆ. ಅದೇ ರೀತಿ ದೇವರುಗಳನ್ನು ಬರೆದುಕೊಡಿ ಎಂದು ಯಜಮಾನರು ಕೇಳಿದರು. ದಾರಿಹೋಕರ ಭಕ್ತಿಯನ್ನು ಕಾವಲಿಗೆ ನಿಲ್ಲಿಸುವುದು ಅವರಿಗೂ ದೇವರಿಗೂ ಗೌರವ ತರುವುದಿಲ್ಲ. ಬದಲಿಗೆ ಓಣಿಯಲ್ಲೊಂದು ದೀಪ ಬೇಕೆಂದು ನಿವಾಸಿಗಳೆಲ್ಲ ಸಹಿ ಹಾಕಿ ಪಾಲಿಕೆಗೆ ಮನವಿ ಕೊಟ್ಟರು. ದೀಪ ಬಂದ ಮೇಲೆ ಜನ ನಡೆದಾಡತೊಡಗಿದರು, ಆ ತೊಂದರೆಯೂ ಬಹುಮಟ್ಟಿಗೆ ತಗ್ಗಿತು.

ಗೋಡೆಯನ್ನು ಹದಮಾಡುವುದೇ ದೊಡ್ಡ ಕೆಲಸ. ಸಡಿಲವಾದ ಹಳೆಯ ಸುಣ್ಣವನ್ನು ಕೆರೆದು, ತಂತಿ ಬ್ರಷ್ಷಿನಿಂದ ಉಜ್ಜಿ, ನೀರಿನಲ್ಲಿ ತೊಳೆದು ಪೂರ್ತಿ ಒಣಗಲು ಬಿಡಬೇಕು. ತೇವ ಇರುವಾಗಲೇ ಪ್ರೈಮರ್ ಹಚ್ಚಿದರೆ ಒಳಗಿನ ಉಪ್ಪು ಬಿಳಿಯಾಗಿ ಹೊರಬಂದು ಬಣ್ಣವನ್ನು ಎಬ್ಬಿಸಿಬಿಡುತ್ತದೆ. ಬಿರುಕುಗಳಿಗೆ ಹೊಸದಾಗಿ ಸಿಮೆಂಟ್ ಮೆತ್ತಿದ್ದರೆ ಅದು ಹದಕ್ಕೆ ಬರಲು ಸುಮಾರು 28 ದಿನ ಬೇಕು. ಕರಡನ್ನು ಗೋಡೆಗೆ ದಾಟಿಸಲು ನಾನು ಪ್ರೊಜೆಕ್ಟರ್ ಬಳಸುವುದಿಲ್ಲ. ನೀಲಿ ಪುಡಿ ಸವರಿದ ದಾರವನ್ನು ಎಳೆದು ಹೊಡೆದು ಚೌಕಗಳನ್ನು ಮಾಡಿಕೊಳ್ಳುತ್ತೇನೆ. ಈ ಗೋಡೆ ಪಡುವಣಕ್ಕೆ ಮುಖ ಮಾಡಿತ್ತು. ಇಳಿಬಿಸಿಲಿಗೆ ಹೊಳಪಿನ ಗುಲಾಬಿ ಮತ್ತು ನಿಂಬೆ ಹಳದಿ ಬೇಗ ಮಂಕಾಗುವುದರಿಂದ, ಬಹುಪಾಲು ಚಿತ್ರವನ್ನು ಕಬ್ಬಿಣದ ಆಕ್ಸೈಡಿನ ಕೆಂಪು ಮತ್ತು ಹಳದಿಯಲ್ಲೇ ಮುಗಿಸಿದೆ. ಬುಡಕ್ಕೆ ಕೆಮ್ಮಣ್ಣಿನ ಬಣ್ಣದ ಅಗಲವಾದ ಪಟ್ಟಿ ಹಾಕಿದೆ. ಮಳೆಯ ನೀರು ಸಿಡಿಸುವ ಕೆಸರು ಅದರಲ್ಲಿ ಎದ್ದು ಕಾಣುವುದಿಲ್ಲ.

ಚಿತ್ರ ಮುಗಿದ ಮೇಲೆ ಅದು ಯಾರದು ಎಂಬ ಪ್ರಶ್ನೆಯನ್ನು ಬಾಯಿಮಾತಿಗೆ ಬಿಡಬಾರದು. ಶಿಲ್ಪಿ ಅಮರನಾಥ ಸೆಹಗಲ್ ಅವರು ನವದೆಹಲಿಯ ವಿಜ್ಞಾನ ಭವನಕ್ಕೆ ಮಾಡಿಕೊಟ್ಟ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರನ್ನು ಕೇಳದೆಯೇ ಕಿತ್ತುಹಾಕಲಾಯಿತು. 2005ರಲ್ಲಿ ದೆಹಲಿ ಹೈಕೋರ್ಟ್, ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಅಡಿಯಲ್ಲಿ ತನ್ನ ಕೃತಿಗೆ ಹಾನಿಯಾಗದಂತೆ ತಡೆಯುವ ಕಲಾವಿದನ ಹಕ್ಕನ್ನು ಎತ್ತಿಹಿಡಿದು, ಉಳಿದ ಭಾಗಗಳನ್ನು ಅವರಿಗೆ ಹಿಂದಿರುಗಿಸುವಂತೆ ಮತ್ತು 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸರ್ಕಾರಕ್ಕೆ ಆದೇಶಿಸಿತು. ಕಲಾವಿದರೆಲ್ಲರೂ ತಿಳಿದಿರಬೇಕಾದ ತೀರ್ಪು ಇದು. ಆದರೂ ಒಂದು ಕುಟುಂಬದ ಹಿತ್ತಿಲ ಗೋಡೆಯ ಮೇಲೆ ಅಂಥ ಹಕ್ಕನ್ನು ಪೂರ್ತಿಯಾಗಿ ಚಲಾಯಿಸುವುದು ನನಗೆ ಒಪ್ಪಿಗೆಯಿಲ್ಲ. ಅದು ಸರ್ಕಾರದ ಭವನವಲ್ಲ, ಅವರ ಮನೆ. ಆದ್ದರಿಂದ ನಮ್ಮ ಒಂದು ಪುಟದ ಒಪ್ಪಂದದ ಪ್ರಕಾರ ಯಜಮಾನರು ಗೋಡೆಯನ್ನು ಅಳಿಸಬಹುದು, ಒಡೆಯಬಹುದು, ಆದರೆ ಒಂದು ತಿಂಗಳು ಮೊದಲು ನನಗೂ ಓಣಿಯವರಿಗೂ ತಿಳಿಸಬೇಕು. ಚಿತ್ರವನ್ನು ಯಾರದೇ ಜಾಹೀರಾತಿಗೆ ಕೊಡುವಂತಿಲ್ಲ.

ಮೊದಲೇ ತಿಳಿಸಬೇಕೆಂಬ ಷರತ್ತು ಬಳಕೆಗೂ ಬಂತು. ಓಣಿ ಚೊಕ್ಕಟವಾದ ಮೇಲೆ ಯಜಮಾನರಿಗೆ ಹಿತ್ತಿಲಿನಿಂದಲೂ ಓಡಾಡುವ ಮನಸ್ಸಾಗಿ, ಗೋಡೆಯ ಎಡಭಾಗದಲ್ಲಿ ಗೇಟ್ ಇಡಿಸುತ್ತೇವೆ ಎಂದು ಮುಂಚಿತವಾಗಿ ಹೇಳಿಕಳಿಸಿದರು. ಹೂವಿನ ಬುಟ್ಟಿಯಿದ್ದ ಜಾಗವದು. ಗೇಟು ಕೂತ ನಂತರ ಸುತ್ತಲಿನ ಸಿಮೆಂಟ್ ಒಣಗುವವರೆಗೆ ಕಾದು, ಬುಟ್ಟಿಯನ್ನು ಹೆಂಗಸಿನ ಮಡಿಲ ಬಳಿಗೆ ಸರಿಸಿ ಮತ್ತೆ ಬರೆದುಕೊಟ್ಟೆ. ಹೊಸ ಕರಡನ್ನು ಈ ಸಲವೂ ಎದುರು ಮನೆಯ ಅಡುಗೆಮನೆಯಿಂದಲೇ ಮೊದಲು ನೋಡಿದ್ದೆವು.